ರೋಗಿಯ ಕಡತದಲ್ಲಿ ಅನ್ಯರ ಕಣ್ಣು: ಆಸ್ಪತ್ರೆ ನೌಕರರ ಇಣುಕಾಟ ಮತ್ತು ಸಾಮೂಹಿಕ ದಾವೆಗಳು

ಬ್ಯಾಂಕಿನ ನೌಕರಿಗೆ ಸೇರುವ ದಿನ ನಾವು ಸಹಿ ಹಾಕುವ ಹಲವು ಕಾಗದಗಳಲ್ಲಿ ನಿಷ್ಠೆ ಮತ್ತು ಗೌಪ್ಯತೆಯ ಘೋಷಣಾ ಪತ್ರವೂ ಒಂದು. ಗ್ರಾಹಕರ ವ್ಯವಹಾರವನ್ನು ಅಧಿಕಾರವಿಲ್ಲದವರಿಗೆ ತಿಳಿಸುವುದಿಲ್ಲ, ತಿಳಿಯಲು ಅವಕಾಶ ಕೊಡುವುದಿಲ್ಲ ಎಂಬುದು ಅದರ ಸಾರ. ನಾವು ಸೇರಿದ ಕಾಲದಲ್ಲಿ ಈ ಪ್ರತಿಜ್ಞೆಯನ್ನು ಪಾಲಿಸುವುದು ಸುಲಭವಿತ್ತು. ಒಬ್ಬರ ಖಾತೆಯನ್ನು ನೋಡಬೇಕಾದರೆ ಎದ್ದು ಹೋಗಿ, ದಪ್ಪ ಲೆಡ್ಜರನ್ನು ಇನ್ನೊಬ್ಬರ ಮೇಜಿನಿಂದ ಎತ್ತಿಕೊಳ್ಳಬೇಕಿತ್ತು. ನಾಲ್ಕು ಜನ ನೋಡುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಆ ನಾಲ್ಕು ಜನರ ಕಣ್ಣು ಇಲ್ಲವಾಯಿತು.

ಒಮ್ಮೆ ಹತ್ತಿರದ ಬಂಧುಗಳೊಬ್ಬರು ಮಗಳ ಮದುವೆಯ ಮಾತುಕತೆಯ ಸಮಯದಲ್ಲಿ ಫೋನ್ ಮಾಡಿದರು. "ಗಂಡಿನ ಖಾತೆ ನಿಮ್ಮ ಬ್ಯಾಂಕಿನಲ್ಲೇ ಇದೆಯಂತೆ, ಒಂದು ಸಲ ನೋಡಿ ಹೇಳಿ, ಹೆಣ್ಣುಮಗುವಿನ ಬಾಳಿನ ಪ್ರಶ್ನೆ" ಎಂದರು. ನಾವು ನೋಡಿದೆವು. ಅಂಕಿಯನ್ನೇನೂ ಹೇಳಲಿಲ್ಲ, "ತೊಂದರೆಯಿಲ್ಲ" ಎಂದಷ್ಟೇ ಹೇಳಿದೆವು. ಮದುವೆಯಾಯಿತು, ದಂಪತಿಗಳು ಸುಖವಾಗಿದ್ದಾರೆ. ಆ ಹುಡುಗನಿಗೆ ಇಂದಿಗೂ ಈ ವಿಷಯ ತಿಳಿಯದು. ಯಾರಿಗೂ ಒಂದು ಪೈಸೆಯ ನಷ್ಟವಾಗದ ಈ ನೋಟದಿಂದ ಯಾರಿಗಾದರೂ ಅನ್ಯಾಯವಾಯಿತೇ ಎಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿದೆ.

ಇದೇ ಪ್ರಶ್ನೆಯನ್ನು ಕೆನಡಾ ದೇಶದ ಆಂಟೇರಿಯೋ ಪ್ರಾಂತದ ನ್ಯಾಯಾಲಯಗಳು ಕಳೆದ ಹಲವು ವರ್ಷಗಳಿಂದ ಬಿಡಿಸುತ್ತ ಬಂದಿವೆ. ಅಲ್ಲಿ ಮೊದಲು ತೆರೆದುಕೊಂಡದ್ದು ಬ್ಯಾಂಕಿನ ಖಾತೆ, ನಂತರ ಆಸ್ಪತ್ರೆಯ ಕಡತ. ಟೊರಾಂಟೋ, ಬ್ರಾಂಪ್ಟನ್, ಸ್ಕಾರ್‌ಬರೋಗಳಲ್ಲಿ ಮಕ್ಕಳು ಮೊಮ್ಮಕ್ಕಳು ನೆಲೆಸಿರುವ ಕನ್ನಡ ಕುಟುಂಬಗಳು ನಮ್ಮಲ್ಲಿ ಅನೇಕವಿರುವುದರಿಂದ, ಈ ವಿಷಯವನ್ನು ಒಂದೆಡೆ ಸಂಗ್ರಹಿಸಿ ಕೊಡುವುದು ಉಪಯುಕ್ತವೆಂದು ಭಾವಿಸಿದ್ದೇವೆ.

ಇಣುಕಾಟದ ಸ್ವರೂಪ

ಆಸ್ಪತ್ರೆಯ ಕಡತಗಳು ಕಾಗದದಲ್ಲಿದ್ದಾಗ ಅವುಗಳನ್ನು ದಾಖಲೆ ಕೊಠಡಿಯಿಂದ ತರಿಸಬೇಕಿತ್ತು. ವಿದ್ಯುನ್ಮಾನ ದಾಖಲೆಗಳು ಬಂದ ಮೇಲೆ ಚಿಕಿತ್ಸೆಯ ತುರ್ತಿಗಾಗಿ ದಾದಿಯರು, ತಂತ್ರಜ್ಞರು, ಗುಮಾಸ್ತರು ಹೀಗೆ ಬಹುಮಂದಿಗೆ ಅವುಗಳ ಬಾಗಿಲು ತೆರೆದಿಡಬೇಕಾಯಿತು. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ರೋಗಿಯ ಅಲರ್ಜಿಯ ವಿವರ ಕ್ಷಣದಲ್ಲಿ ಸಿಗಬೇಕಾದರೆ ಬೀಗಗಳು ಹೆಚ್ಚಿರಬಾರದು. ಆದರೆ ಬೀಗ ಕಡಿಮೆಯಾದಷ್ಟೂ ಇಣುಕಲು ಅವಕಾಶ ಹೆಚ್ಚು. ಚಿಕಿತ್ಸೆಗೆ ಸಂಬಂಧವಿಲ್ಲದ ನೌಕರರು ಕುತೂಹಲಕ್ಕೋ, ದ್ವೇಷಕ್ಕೋ, ಹಣಕ್ಕೋ ಕಡತ ತೆರೆಯುವುದೇ ಇಲ್ಲಿ ಚರ್ಚೆಯಾಗುತ್ತಿರುವ ಅಪರಾಧ.

ಆಂಟೇರಿಯೋದಲ್ಲಿ ವೈಯಕ್ತಿಕ ಆರೋಗ್ಯ ಮಾಹಿತಿ ಸಂರಕ್ಷಣಾ ಕಾಯ್ದೆಯು 2004ರ ನವೆಂಬರ್ 1ರಂದು ಜಾರಿಗೆ ಬಂದಿತು. ಅದನ್ನು ನೋಡಿಕೊಳ್ಳಲು ಮಾಹಿತಿ ಮತ್ತು ಗೌಪ್ಯತಾ ಆಯುಕ್ತರಿದ್ದಾರೆ. ಆಗಿನ ಆಯುಕ್ತೆ ಆನ್ ಕವೂಕಿಯನ್ ಅವರು 2006ರಲ್ಲಿ ನೀಡಿದ ಒಂದು ಆದೇಶದ ಹಿನ್ನೆಲೆ ಹೀಗಿದೆ. ಆಟಾವಾ ನಗರದ ದೊಡ್ಡ ಆಸ್ಪತ್ರೆಗೆ ದಾಖಲಾದ ಮಹಿಳೆಯೊಬ್ಬರು, ತಮ್ಮಿಂದ ಬೇರೆಯಾಗಿದ್ದ ಪತಿಯೂ ಅವರ ಗೆಳತಿಯೂ ಅಲ್ಲಿಯೇ ನೌಕರರಾಗಿದ್ದಾರೆ, ತಾವು ಇಲ್ಲಿರುವುದು ಅವರಿಗೆ ತಿಳಿಯಬಾರದು ಎಂದು ಮೊದಲೇ ಕೋರಿದ್ದರು. ಆದರೂ ದಾದಿಯಾಗಿದ್ದ ಆ ಗೆಳತಿ ಅವರ ಕಡತವನ್ನು ಮತ್ತೆ ಮತ್ತೆ ತೆರೆದು ನೋಡಿದರು. ರೋಗಿಯು ದೂರು ಕೊಟ್ಟ ಮೇಲೂ ನೋಟ ನಿಲ್ಲಲಿಲ್ಲ. ಇದಕ್ಕಿಂತ ಖೇದಕರವಾದುದೆಂದರೆ, ನಾಲ್ಕು ವರ್ಷಗಳ ನಂತರ, 2010ರಲ್ಲಿ, ಅದೇ ಆಸ್ಪತ್ರೆಯ ಬಗ್ಗೆ ಬಹುಮಟ್ಟಿಗೆ ಇದೇ ಬಗೆಯ ಇನ್ನೊಂದು ಪ್ರಕರಣದಲ್ಲಿ ಆಯುಕ್ತರು ಮತ್ತೆ ಆದೇಶ ಹೊರಡಿಸಬೇಕಾಯಿತು. ಆಯುಕ್ತರ ಆದೇಶಗಳು ಆಸ್ಪತ್ರೆಯ ಪದ್ಧತಿಯನ್ನು ತಿದ್ದಬಲ್ಲವು. ನೊಂದವರಿಗೆ ಪರಿಹಾರ ಧನ ಕೊಡಿಸುವ ಅಧಿಕಾರ ಅವರಿಗಿರಲಿಲ್ಲ.

ಬ್ಯಾಂಕಿನಿಂದ ಬಂದ ತೀರ್ಪು

ಆಸ್ಪತ್ರೆಗಳ ಮೇಲಿನ ದಾವೆಗಳಿಗೆ ದಾರಿ ಮಾಡಿಕೊಟ್ಟದ್ದು ಬ್ಯಾಂಕಿನ ಪ್ರಕರಣವೊಂದು ಎಂಬುದು ನಮ್ಮಂಥವರಿಗೆ ವಿಶೇಷವಾಗಿ ಗಮನಾರ್ಹ. ಬ್ಯಾಂಕ್ ಆಫ್ ಮಾಂಟ್ರಿಯಲ್‌ನ ಬೇರೆ ಬೇರೆ ಶಾಖೆಗಳಲ್ಲಿ ಇಬ್ಬರು ಮಹಿಳೆಯರು ಕೆಲಸದಲ್ಲಿದ್ದರು. ಒಬ್ಬರ ಮಾಜಿ ಪತಿಯೊಡನೆ ಇನ್ನೊಬ್ಬರು ಸಂಸಾರ ನಡೆಸುತ್ತಿದ್ದರು. ಈ ಎರಡನೆಯವರು ನಾಲ್ಕು ವರ್ಷಗಳ ಅವಧಿಯಲ್ಲಿ ಮೊದಲನೆಯವರ ಖಾತೆಯನ್ನು ಕನಿಷ್ಠ 174 ಬಾರಿ ತೆರೆದು ನೋಡಿದರು. ಮಾಹಿತಿಯನ್ನು ಯಾರಿಗೂ ಕೊಡಲಿಲ್ಲ, ಹಣ ತೆಗೆಯಲಿಲ್ಲ, ಎಲ್ಲಿಯೂ ಪ್ರಕಟಿಸಲಿಲ್ಲ. ಬ್ಯಾಂಕು ಅವರನ್ನು ಒಂದು ವಾರ ವೇತನವಿಲ್ಲದೆ ಅಮಾನತಿನಲ್ಲಿಟ್ಟಿತು, ಬೋನಸ್ ತಡೆಯಿತು.

ನೊಂದವರು ಹೂಡಿದ ದಾವೆಯನ್ನು ಕೆಳಗಿನ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಖಾಸಗಿತನದ ಭಂಗಕ್ಕಾಗಿ ಪ್ರತ್ಯೇಕ ದಾವೆ ಹೂಡುವ ಅವಕಾಶ ಆಂಟೇರಿಯೋದ ಕಾನೂನಿನಲ್ಲಿ ಇಲ್ಲವೆಂಬುದು ಕಾರಣ. 2012ರ ಜನವರಿ 18ರಂದು ಪ್ರಾಂತದ ಮೇಲ್ಮನವಿ ನ್ಯಾಯಾಲಯವು ನ್ಯಾಯಮೂರ್ತಿ ರಾಬರ್ಟ್ ಶಾರ್ಪ್ ಅವರು ಬರೆದ ತೀರ್ಪಿನ ಮೂಲಕ ಇದನ್ನು ಬದಲಿಸಿತು. ಏಕಾಂತದ ಮೇಲಿನ ಅತಿಕ್ರಮಣ ಎಂಬ ಹೊಸ ದಾವೆಯ ಕಾರಣವನ್ನು ಮಾನ್ಯಮಾಡಿ, ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿತು. ಒಂದು, ಕೃತ್ಯವು ಉದ್ದೇಶಪೂರ್ವಕವಾಗಿ ಅಥವಾ ಪರಿಣಾಮದ ಪರಿವೆಯಿಲ್ಲದೆ ನಡೆದಿರಬೇಕು. ಎರಡು, ಕಾನೂನುಸಮ್ಮತ ಕಾರಣವಿಲ್ಲದೆ ಇನ್ನೊಬ್ಬರ ಖಾಸಗಿ ವ್ಯವಹಾರದಲ್ಲಿ ಪ್ರವೇಶಿಸಿರಬೇಕು. ಮೂರು, ವಿವೇಕಿಯಾದ ಯಾರಿಗೇ ಆದರೂ ಅದು ಅತ್ಯಂತ ಅಸಹ್ಯವೆನಿಸಿ, ಸಂಕಟ ಅಥವಾ ಅವಮಾನ ಉಂಟುಮಾಡುವಂತಿರಬೇಕು.

ಆರ್ಥಿಕ ನಷ್ಟವನ್ನು ರುಜುವಾತುಪಡಿಸಬೇಕಾಗಿಲ್ಲ ಎಂದು ಹೇಳಿದ್ದೇ ಈ ತೀರ್ಪಿನ ಹಿರಿಮೆ. ಹಣಕಾಸಿನ ಮತ್ತು ಆರೋಗ್ಯದ ದಾಖಲೆಗಳು, ದಿನಚರಿ, ಖಾಸಗಿ ಪತ್ರಗಳು ಇಂಥವುಗಳಲ್ಲಿ ಕಣ್ಣು ಹಾಯಿಸಿದ್ದೇ ಸಾಕು. ಆದರೆ ನಷ್ಟವಿಲ್ಲದಿದ್ದಾಗ ಪರಿಹಾರವೂ ಮಿತವಾಗಿರಬೇಕೆಂದು ನ್ಯಾಯಾಲಯ 20,000 ಡಾಲರುಗಳ ಗರಿಷ್ಠ ಮಿತಿಯನ್ನು ಸೂಚಿಸಿ, ಈ ಪ್ರಕರಣದಲ್ಲಿ 10,000 ಡಾಲರ್ ಕೊಡಿಸಿತು.

ಸಾಮೂಹಿಕ ದಾವೆ ಎಂದರೇನು?

ಹತ್ತು ಸಾವಿರ ಡಾಲರಿಗಾಗಿ ಉಚ್ಚ ನ್ಯಾಯಾಲಯದವರೆಗೆ ಹೋಗುವ ಶಕ್ತಿ ಎಷ್ಟು ಜನರಿಗಿದೆ? ವಕೀಲರ ಶುಲ್ಕವೇ ಅದನ್ನು ಮೀರುತ್ತದೆ. ಸೋತರೆ ಎದುರು ಪಕ್ಷದ ಖರ್ಚನ್ನೂ ಭರಿಸಬೇಕಾಗಬಹುದು. ಕ್ಲಾಸ್ ಆಕ್ಷನ್ ಎಂದು ಕರೆಯಲ್ಪಡುವ ಸಾಮೂಹಿಕ ದಾವೆಯ ಪ್ರಯೋಜನ ಕಾಣುವುದು ಇಲ್ಲಿಯೇ. ಒಂದೇ ಬಗೆಯಲ್ಲಿ ನೊಂದ ನೂರಾರು ಮಂದಿಯ ಪರವಾಗಿ ಒಬ್ಬರೋ ಇಬ್ಬರೋ ಪ್ರತಿನಿಧಿಗಳಾಗಿ ನಿಂತು ದಾವೆ ಹೂಡುತ್ತಾರೆ. ಉಳಿದವರು ಹೊರಗುಳಿಯುವುದಾಗಿ ತಿಳಿಸದಿದ್ದರೆ ತೀರ್ಪು ಅವರೆಲ್ಲರಿಗೂ ಅನ್ವಯಿಸುತ್ತದೆ.

ಆಂಟೇರಿಯೋದಲ್ಲಿ ಇದಕ್ಕಾಗಿ 1992ರ ಕಾಯ್ದೆಯಿದೆ. ದಾವೆ ಹೂಡಿದೊಡನೆ ವಿಚಾರಣೆ ಆರಂಭವಾಗದು. ಮೊದಲು ನ್ಯಾಯಾಧೀಶರು ಅದಕ್ಕೆ ಸಾಮೂಹಿಕ ದಾವೆಯೆಂಬ ಮಾನ್ಯತೆ ನೀಡಬೇಕು. ಕಾನೂನಿನಲ್ಲಿ ನಿಲ್ಲುವ ಕಾರಣ, ಗುರುತಿಸಬಹುದಾದ ಸಮೂಹ, ಎಲ್ಲರಿಗೂ ಸಮಾನವಾದ ಪ್ರಶ್ನೆಗಳು, ಬೇರೆ ಮಾರ್ಗಕ್ಕಿಂತ ಈ ಮಾರ್ಗವೇ ಲೇಸೆಂಬ ಸಮರ್ಥನೆ ಮತ್ತು ಯೋಗ್ಯ ಪ್ರತಿನಿಧಿ, ಈ ಐದೂ ಇರಬೇಕು. 2020ರ ತಿದ್ದುಪಡಿಯಿಂದ ಈ ಪರೀಕ್ಷೆ ಇನ್ನಷ್ಟು ಬಿಗಿಯಾಯಿತು. ಕೆನಡಾದ ಸರ್ವೋಚ್ಚ ನ್ಯಾಯಾಲಯವು 2001ರ ಒಂದು ತೀರ್ಪಿನಲ್ಲಿ ಸಾಮೂಹಿಕ ದಾವೆಗೆ ಮೂರು ಉದ್ದೇಶಗಳನ್ನು ಗುರುತಿಸಿದೆ: ನ್ಯಾಯಾಲಯದ ಸಮಯದ ಉಳಿತಾಯ, ಬಡವರಿಗೂ ನ್ಯಾಯದ ಬಾಗಿಲು, ತಪ್ಪು ಮಾಡುವ ದೊಡ್ಡ ಸಂಸ್ಥೆಗಳ ನಡತೆಯ ತಿದ್ದುಪಡಿ. ಇಣುಕಾಟದ ಪ್ರಕರಣಗಳಲ್ಲಿ ಮೂರನೆಯದೇ ಮುಖ್ಯವೆನ್ನಬಹುದು. ತಲೆಗೆ ಸಾವಿರ ಡಾಲರಾದರೂ ಸಾವಿರ ರೋಗಿಗಳಿಗೆ ಹತ್ತು ಲಕ್ಷವಾಗುತ್ತದೆ. ಆಗ ಆಸ್ಪತ್ರೆಯ ಆಡಳಿತ ಮಂಡಳಿ ಈ ವಿಷಯಕ್ಕೆ ಗಮನ ಕೊಡದೆ ವಿಧಿಯಿಲ್ಲ.

ಪೀಟರ್‌ಬರೋ ಪ್ರಕರಣ

ಆಂಟೇರಿಯೋದ ಪೀಟರ್‌ಬರೋ ನಗರದ ಪ್ರಾದೇಶಿಕ ಆಸ್ಪತ್ರೆಯಲ್ಲಿ ಸುಮಾರು 280 ರೋಗಿಗಳ ದಾಖಲೆಗಳನ್ನು ಕೆಲವು ನೌಕರರು ಅಕ್ರಮವಾಗಿ ನೋಡಿದ್ದರೆಂಬ ಆರೋಪದ ಮೇಲೆ ಸಾಮೂಹಿಕ ದಾವೆ ಹೂಡಲಾಯಿತು. ವಾದಿಗಳಲ್ಲಿ ಒಬ್ಬ ಮಹಿಳೆ, ತನ್ನ ಇರುವಿಕೆಯನ್ನು ಪತ್ತೆಹಚ್ಚಲು ಮಾಜಿ ಪತಿಯೇ ಯಾರಿಗೋ ಹಣ ಕೊಟ್ಟು ಕಡತ ತೆರೆಸಿರಬಹುದೆಂಬ ಭಯವನ್ನು ವಾದಪತ್ರದಲ್ಲಿ ತೋಡಿಕೊಂಡಿದ್ದರು. ಹಿಂಸೆಯಿಂದ ತಪ್ಪಿಸಿಕೊಂಡು ಅಡಗಿರುವ ಹೆಂಗಸು ಸಹ ಕಾಯಿಲೆಯಾದಾಗ ಆಸ್ಪತ್ರೆಗೆ ತನ್ನ ನಿಜವಾದ ಹೆಸರು, ವಿಳಾಸ ಕೊಡಲೇಬೇಕಲ್ಲವೇ? ಆ ವಿಳಾಸ ಅಲ್ಲಿಂದಲೇ ಹೊರಬೀಳುವುದಾದರೆ ಆಕೆ ಚಿಕಿತ್ಸೆಯನ್ನೇ ಬಿಡಬೇಕಾಗುತ್ತದೆ. ಈ ದಾವೆಗಳ ತೂಕ ಏನೆಂಬುದನ್ನು ಈ ಒಂದು ಸಂಗತಿಯೇ ಹೇಳುತ್ತದೆ.

ಆಸ್ಪತ್ರೆಯ ಪರ ವಕೀಲರು ಎತ್ತಿದ್ದು ತಾಂತ್ರಿಕ ಆಕ್ಷೇಪ. ಆರೋಗ್ಯ ಮಾಹಿತಿಗಾಗಿಯೇ 2004ರ ಕಾಯ್ದೆಯಿರುವಾಗ ದೂರು ಆಯುಕ್ತರಿಗೆ ಹೋಗಬೇಕು. ಅವರ ಆದೇಶವೋ, ಅಪರಾಧ ಸಾಬೀತೋ ಅಂತಿಮವಾದ ಮೇಲೆ ಮಾತ್ರ ಕಾಯ್ದೆಯಡಿ ಪರಿಹಾರ ಕೇಳಬಹುದು. ಅಲ್ಲಿಯೂ ಮಾನಸಿಕ ಯಾತನೆಗೆ 10,000 ಡಾಲರುಗಳ ಮಿತಿಯಿದೆ. ಆದ್ದರಿಂದ ನೇರ ದಾವೆ ಸಲ್ಲದು ಎಂಬುದು ಅವರ ವಾದ.

2015ರ ಫೆಬ್ರವರಿ 18ರಂದು ಮೇಲ್ಮನವಿ ನ್ಯಾಯಾಲಯ ಇದನ್ನು ತಿರಸ್ಕರಿಸಿತು. ಈ ತೀರ್ಪನ್ನು ಬರೆದವರೂ ನ್ಯಾಯಮೂರ್ತಿ ಶಾರ್ಪ್ ಅವರೇ. ಆಯುಕ್ತರ ವಿಚಾರಣೆಯ ಗುರಿ ವ್ಯವಸ್ಥೆಯನ್ನು ಸರಿಪಡಿಸುವುದು. ಒಬ್ಬೊಬ್ಬ ರೋಗಿಯ ದೂರನ್ನೂ ಕೈಗೆತ್ತಿಕೊಳ್ಳುವ ನಿರ್ಬಂಧ ಅವರಿಗಿಲ್ಲ. ಹೀಗಿರುವಾಗ ನ್ಯಾಯಾಲಯದ ಬಾಗಿಲನ್ನು ಮುಚ್ಚುವ ಉದ್ದೇಶ ಶಾಸನಸಭೆಗೆ ಇತ್ತೆಂದು ಹೇಳಲಾಗದು ಎಂಬುದು ತೀರ್ಪಿನ ತಿರುಳು. ಆಯುಕ್ತರೂ ಈ ಪ್ರಕರಣದಲ್ಲಿ ಮಧ್ಯಪ್ರವೇಶಿಸಿ ರೋಗಿಗಳ ದಾವೆಯ ಹಕ್ಕನ್ನು ಬೆಂಬಲಿಸಿದ್ದರು. ಆಸ್ಪತ್ರೆಯ ಮುಂದಿನ ಮನವಿಯನ್ನು ಆಲಿಸಲು ಸರ್ವೋಚ್ಚ ನ್ಯಾಯಾಲಯ 2015ರ ಅಕ್ಟೋಬರಿನಲ್ಲಿ ನಿರಾಕರಿಸಿತು.

ಬೇರೆಡೆಗಳಲ್ಲಿಯೂ ಇಂಥ ದಾವೆಗಳು ಮುಂದುವರಿದವು. ನ್ಯೂಫೌಂಡ್‌ಲ್ಯಾಂಡ್ ಪ್ರಾಂತದ ಪಶ್ಚಿಮ ವಲಯದ ಆರೋಗ್ಯ ಪ್ರಾಧಿಕಾರದಲ್ಲಿ ಒಬ್ಬರೇ ನೌಕರರು 1,043 ರೋಗಿಗಳ ದಾಖಲೆ ನೋಡಿದ ಪ್ರಕರಣಕ್ಕೆ 2014ರಲ್ಲಿ ಸಾಮೂಹಿಕ ದಾವೆಯ ಮಾನ್ಯತೆ ದೊರೆಯಿತು. ನೋವಾ ಸ್ಕೋಷಿಯಾದ ಶೆಲ್‌ಬರ್ನ್ ಎಂಬ ಸಣ್ಣ ಊರಿನ ರೋಸ್‌ವೇ ಆಸ್ಪತ್ರೆಯಲ್ಲಿ 707 ಮಂದಿಯ ಕಡತಗಳು ತೆರೆಯಲ್ಪಟ್ಟಿದ್ದವು, ಆ ದಾವೆ 2015ರಲ್ಲಿ ಮಾನ್ಯವಾಯಿತು. ಎಲ್ಲರಿಗೂ ಎಲ್ಲರ ಪರಿಚಯವಿರುವ ಚಿಕ್ಕ ಊರಿನಲ್ಲಿ 707 ಎಂಬುದು ಸಣ್ಣ ಸಂಖ್ಯೆಯಲ್ಲ. ಆಂಟೇರಿಯೋದ ನಾರ್ತ್ ಬೇ ನಗರದಲ್ಲಿ ದಾದಿಯೊಬ್ಬರು 5,800ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಪ್ರಕರಣ ರಾಜಿಯಲ್ಲಿ ಮುಗಿಯಿತು.

ನಿಲ್ಲದೆ ಹೋದ ದಾವೆಗಳು

ಇಷ್ಟನ್ನು ಓದಿದವರಿಗೆ ರೋಗಿಗಳು ಗೆಲ್ಲುತ್ತಲೇ ಬಂದರೆಂದು ತೋರಬಹುದು. ವಾಸ್ತವ ಹಾಗಿಲ್ಲ. ನೋಡಿದ್ದೇ ತಪ್ಪೆಂದು ಒಪ್ಪಿದ ನ್ಯಾಯಾಲಯಗಳು, ಏನನ್ನು ನೋಡಿದರು, ಎಷ್ಟು ಹೊತ್ತು ನೋಡಿದರು, ಏಕೆ ನೋಡಿದರು ಎಂದು ಮುಂದಿನ ವರ್ಷಗಳಲ್ಲಿ ಅಳೆಯತೊಡಗಿದವು.

ಟೊರಾಂಟೋದ ಪೂರ್ವಕ್ಕಿರುವ ರೂಜ್ ವ್ಯಾಲಿ ಆಸ್ಪತ್ರೆಗಳ ಪ್ರಕರಣ ಈ ದೃಷ್ಟಿಯಿಂದ ಮುಖ್ಯ. ಅಲ್ಲಿನ ಕೆಲವು ನೌಕರರು ಹೆರಿಗೆಯಾದ ತಾಯಂದಿರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮಕ್ಕಳ ವಿದ್ಯಾಭ್ಯಾಸದ ಉಳಿತಾಯ ಯೋಜನೆಗಳನ್ನು ಮಾರುವವರಿಗೆ ಒದಗಿಸುತ್ತಿದ್ದರು. ಸಾವಿರಾರು ತಾಯಂದಿರಿಗೆ ಆಸ್ಪತ್ರೆಯಿಂದ ಕ್ಷಮಾಪಣೆಯ ಪತ್ರ ಹೋಯಿತು. ಯಾರು ಯಾರ ಹೆಸರನ್ನು ಹುಡುಕಿದರೆಂದು ಪೂರ್ಣವಾಗಿ ಪತ್ತೆಮಾಡುವ ಸಾಮರ್ಥ್ಯ ಆಸ್ಪತ್ರೆಯ ಗಣಕ ವ್ಯವಸ್ಥೆಗೆ ಇರಲಿಲ್ಲವೆಂಬುದು 2014ರ ಡಿಸೆಂಬರಿನ ಆಯುಕ್ತರ ಆದೇಶದಲ್ಲಿ ಬಯಲಾಯಿತು. ಆದರೆ ಸಾಮೂಹಿಕ ದಾವೆಗೆ ನ್ಯಾಯಾಧೀಶ ಪಾಲ್ ಪೆರೆಲ್ ಅವರು 2018ರಲ್ಲಿ ಮಾನ್ಯತೆ ನಿರಾಕರಿಸಿದರು. ಮಾರಾಟಗಾರರಿಗೆ ಬೇಕಾಗಿದ್ದುದು ಸಂಪರ್ಕದ ವಿವರ ಮಾತ್ರ, ಹೆಸರು, ವಿಳಾಸ, ಮಗು ಹುಟ್ಟಿದ ಸಂಗತಿ ಇವು ಸಾಮಾನ್ಯವಾಗಿ ಗುಟ್ಟಲ್ಲ ಎಂಬುದು ಅವರ ನಿಲುವು. 2023ರಲ್ಲಿ ಮೇಲ್ಮನವಿಯೂ ವಜಾ ಆಯಿತು.

ಬ್ರಾಂಪ್ಟನ್ ಮತ್ತು ಎಟೋಬಿಕೋಗಳಲ್ಲಿ ಆಸ್ಪತ್ರೆ ನಡೆಸುವ ವಿಲಿಯಂ ಆಸ್ಲರ್ ಆರೋಗ್ಯ ಸಂಸ್ಥೆಯ ಪ್ರಕರಣ ಇನ್ನೂ ವಿಚಿತ್ರವಾದುದು. 2006ರಿಂದ 2016ರವರೆಗೆ ದಾದಿಯೊಬ್ಬರು ನೋವು ನಿವಾರಕ ಮಾದಕ ಮಾತ್ರೆಗಳನ್ನು ಔಷಧ ಯಂತ್ರದಿಂದ ಕದಿಯಲು 11,358 ರೋಗಿಗಳ ದಾಖಲೆಗಳನ್ನು ಬಳಸಿಕೊಂಡಿದ್ದರು. ಪ್ರತಿ ಬಾರಿಯೂ ಕೆಲವೇ ಕ್ಷಣಗಳ ನೋಟ. ಅವರಿಗೆ ಬೇಕಾಗಿದ್ದುದು ಮಾತ್ರೆಯೇ ಹೊರತು ರೋಗಿಯ ಗುಟ್ಟಲ್ಲ. 2020ರಲ್ಲಿ ದಾವೆಗೆ ದೊರೆತ ಮಾನ್ಯತೆಯನ್ನು 2022ರಲ್ಲಿ ವಿಭಾಗೀಯ ನ್ಯಾಯಾಲಯ ರದ್ದುಮಾಡಿತು. ಆರೋಗ್ಯ ದಾಖಲೆಯ ಮೇಲೆ ಬಿದ್ದ ಪ್ರತಿಯೊಂದು ಅಕ್ರಮ ನೋಟವೂ ಅತ್ಯಂತ ಅಸಹ್ಯಕರವೆನ್ನುವಂತಿಲ್ಲ ಎಂದು ಅದು ಹೇಳಿತು.

ಇನ್ನೊಂದು ಗಡಿಯನ್ನು ಗುರುತಿಸಿದ್ದು 2022ರ ನವೆಂಬರಿನ ಈಕ್ವಿಫ್ಯಾಕ್ಸ್ ತೀರ್ಪು. ಹೊರಗಿನ ಕಳ್ಳರು ಗಣಕಕ್ಕೆ ಕನ್ನ ಹಾಕಿದಾಗ, ಮಾಹಿತಿಯನ್ನು ಸರಿಯಾಗಿ ಕಾಪಾಡದ ಸಂಸ್ಥೆಯು ತಾನೇ ಅತಿಕ್ರಮಿಸಿದಂತಾಗದು, ಅದರ ಅಲಕ್ಷ್ಯಕ್ಕೆ ಬೇರೆ ದಾವೆ ಹೂಡಬಹುದಷ್ಟೆ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಒಳಗಿನ ನೌಕರನೇ ಇಣುಕಿದಾಗ ಯಜಮಾನನ ಹೊಣೆಯ ಪ್ರಶ್ನೆ ಬೇರೆಯದು.

ಆ ಹೊಣೆ ಎಷ್ಟು ಗುರುತರವೆಂಬುದಕ್ಕೆ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಸರ್ಕಾರಿ ವಾಹನ ವಿಮಾ ಸಂಸ್ಥೆಯ ಪ್ರಕರಣ ನಿದರ್ಶನ. ಇದು ಆಸ್ಪತ್ರೆಯದಲ್ಲವಾದರೂ ಮೇಲಿನ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. 2011ರಲ್ಲಿ ಅಲ್ಲಿನ ನೌಕರರೊಬ್ಬರು ಹಲವು ಗ್ರಾಹಕರ ವಿವರಗಳನ್ನು ನೋಡಿ, ಕೆಲವನ್ನು ಹಣಕ್ಕೆ ಮಾರಿದರು. ಮಾರಿದ್ದು ಹೆಸರು, ವಿಳಾಸಗಳಂಥ ಸಾಧಾರಣ ಮಾಹಿತಿ. ಆ ವಿಳಾಸಗಳನ್ನು ಹಿಡಿದು ಹೋದ ದುಷ್ಕರ್ಮಿಗಳು ಮನೆಗಳ ಮೇಲೆ ಗುಂಡು ಹಾರಿಸಿದರು, ಬೆಂಕಿ ಹಚ್ಚಿದರು. ಇವು ಖಾಸಗಿ ಮಾಹಿತಿಯಲ್ಲವೆಂಬ ಸಂಸ್ಥೆಯ ವಾದವನ್ನು ಒಪ್ಪದೆ, ನೌಕರರ ಕೃತ್ಯಕ್ಕೆ ಸಂಸ್ಥೆಯೇ ಹೊಣೆಯೆಂಬ ತೀರ್ಪನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ಆ ಪ್ರಾಂತದಲ್ಲಿ ಖಾಸಗಿತನಕ್ಕೆ ಪ್ರತ್ಯೇಕ ಶಾಸನವೇ ಇರುವುದರಿಂದ ಎರಡು ಪ್ರಾಂತಗಳ ತೀರ್ಪುಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ವಿಳಾಸವೊಂದು ಯಾವಾಗ ಸಾಧಾರಣ, ಯಾವಾಗ ಪ್ರಾಣಾಂತಿಕ ಎಂಬುದನ್ನು ಅದನ್ನು ಕೊಟ್ಟವರಲ್ಲದೆ ಬೇರೆ ಯಾರು ಹೇಳಬಲ್ಲರು?

ದಂಡದ ಮಾರ್ಗ

ದಾವೆಯ ಮಾರ್ಗ ಕಿರಿದಾದಂತೆಲ್ಲ ಆಂಟೇರಿಯೋ ಸರ್ಕಾರ ದಂಡದ ಮಾರ್ಗವನ್ನು ಅಗಲಮಾಡಿದೆ. ಟೊರಾಂಟೋದ ಮೇಯರ್ ಆಗಿದ್ದ ರಾಬ್ ಫೋರ್ಡ್ ಅವರ ಆಸ್ಪತ್ರೆ ದಾಖಲೆಯನ್ನು ಇಣುಕಿ ನೋಡಿದ ಇಬ್ಬರು ಆರೋಗ್ಯ ಸಿಬ್ಬಂದಿಗೆ 2016ರಲ್ಲಿ ತಲಾ ಸುಮಾರು ಎರಡೂವರೆ ಸಾವಿರ ಡಾಲರ್ ದಂಡ ಬಿದ್ದಿತು. ಅದೇ ವರ್ಷ ವ್ಯಕ್ತಿಗಳಿಗೆ ಗರಿಷ್ಠ ದಂಡವನ್ನು 50,000ದಿಂದ 1,00,000 ಡಾಲರಿಗೂ, ಸಂಸ್ಥೆಗಳಿಗೆ 2,50,000ದಿಂದ 5,00,000 ಡಾಲರಿಗೂ ಏರಿಸಲಾಯಿತು. 2020ರಲ್ಲಿ ಇವು ಮತ್ತೆ ಇಮ್ಮಡಿಯಾಗಿ, ಒಂದು ವರ್ಷದವರೆಗಿನ ಸೆರೆವಾಸವೂ ಸೇರಿತು. 2017ರ ಅಕ್ಟೋಬರಿನಿಂದ ಇಂಥ ಅಕ್ರಮಗಳನ್ನು ಆಸ್ಪತ್ರೆಗಳು ಆಯುಕ್ತರಿಗೆ ವರದಿ ಮಾಡುವುದು ಕಡ್ಡಾಯವಾಗಿದೆ. 2024ರ ಜನವರಿ 1ರಿಂದ ಆಯುಕ್ತರು ತಾವೇ ವ್ಯಕ್ತಿಗೆ 50,000 ಡಾಲರುಗಳವರೆಗೆ, ಸಂಸ್ಥೆಗೆ 5,00,000 ಡಾಲರುಗಳವರೆಗೆ ಆಡಳಿತಾತ್ಮಕ ದಂಡ ವಿಧಿಸಬಹುದು. ಈ ಹಣ ಸರ್ಕಾರಕ್ಕೆ ಹೋಗುತ್ತದೆಯೇ ಹೊರತು ರೋಗಿಗೆ ಅಲ್ಲ.

ನೆರೆಯ ಅಮೆರಿಕದಲ್ಲಿಯೂ ಹೆಚ್ಚುಕಡಿಮೆ ಇದೇ ಸ್ಥಿತಿ. ಹಿಪಾ ಎಂದು ಪ್ರಸಿದ್ಧವಾದ 1996ರ ಕೇಂದ್ರ ಕಾಯ್ದೆಯಡಿ ರೋಗಿಯು ನೇರವಾಗಿ ದಾವೆ ಹೂಡುವಂತಿಲ್ಲ. ಪ್ರಸಿದ್ಧ ರೋಗಿಗಳ ದಾಖಲೆಗಳನ್ನು ನೌಕರರು ನೋಡಿದ ಪ್ರಕರಣದಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2011ರಲ್ಲಿ ಸರ್ಕಾರಕ್ಕೆ 8,65,500 ಡಾಲರ್ ತೆತ್ತವು. ರಾಜ್ಯಗಳ ಸಾಮಾನ್ಯ ಕಾನೂನಿನಡಿ ಮಾತ್ರ ರೋಗಿಗಳಿಗೆ ದಾರಿಯಿದೆ. ಇಂಡಿಯಾನಾ ರಾಜ್ಯದಲ್ಲಿ ವಾಲ್‌ಗ್ರೀನ್ಸ್ ಔಷಧ ಅಂಗಡಿಯ ಔಷಧ ವಿತರಕಿಯೊಬ್ಬರು ತಮ್ಮ ಪತಿಯ ಹಿಂದಿನ ಗೆಳತಿಯ ಔಷಧ ದಾಖಲೆ ನೋಡಿದ್ದಕ್ಕೆ ಜ್ಯೂರಿಯು 2013ರಲ್ಲಿ 14 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಘೋಷಿಸಿತು. ಅದರ ಬಹುಪಾಲು ಹೊಣೆ ಕಂಪನಿಯ ಮೇಲೂ ಬಿದ್ದಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಈ ಹೋರಾಟಕ್ಕಿಳಿದ ಅವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಹೆಸರಿದು.

ಹಕ್ಕು ಬಂದಿದ್ದರೂ ನೊಂದ ರೋಗಿಗೆ ಪರಿಹಾರದ ದಾರಿ ಇನ್ನೂ ಇಕ್ಕಟ್ಟಾಗಿಯೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಮತ್ತು 2011ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಗುರುತಿಸಿ, ಅಲಕ್ಷ್ಯದಿಂದ ಹಾನಿಯಾದರೆ ಪರಿಹಾರಕ್ಕೆ ಅವಕಾಶ ನೀಡಿದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡವಿದೆ. ಆದರೆ ದಂಡದ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ, ಅಲ್ಲದೆ 43ಎ ಕಲಮನ್ನು ತೆಗೆದುಹಾಕುವ ಅಂಶವೂ ಆ ಕಾಯ್ದೆಯಲ್ಲಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಪ್ರಕಟಣೆಯ 18 ತಿಂಗಳ ನಂತರ ಜಾರಿಗೆ ಬರುವಂತೆ ಹಂತಗಳನ್ನು ನಿಗದಿಪಡಿಸಲಾಗಿದೆ. ಸಾಮೂಹಿಕವಾಗಿ ಹೋರಾಡಬಯಸುವವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೆಯ ಕಲಮು ಒಂದು ದಾರಿ. ಸಮಾನ ಹಿತಾಸಕ್ತಿಯುಳ್ಳ ಹಲವರ ಪರವಾಗಿ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದೆ.

ರೋಗಿಯು ಮಾಡಬಹುದಾದುದು

ಆಂಟೇರಿಯೋದಲ್ಲಿರುವ ನಮ್ಮವರು ತಿಳಿದಿರಬೇಕಾದ ಕೆಲವು ಅಂಶಗಳು ಇಲ್ಲಿವೆ.

ಒಂದು, ತಮ್ಮ ದಾಖಲೆಯನ್ನು ಯಾರು ಯಾರು ತೆರೆದರೆಂದು ಆಸ್ಪತ್ರೆಯ ಗೌಪ್ಯತಾ ಅಧಿಕಾರಿಯನ್ನು ಲಿಖಿತವಾಗಿ ಕೇಳಬಹುದು. ಸಂಶಯಕ್ಕೆ ಕಾರಣವಿದ್ದರೆ ಅದನ್ನೂ ಬರೆಯಬೇಕು.

ಎರಡು, ಪರಿಚಯಸ್ಥರೋ ಬಂಧುಗಳೋ ಆ ಆಸ್ಪತ್ರೆಯಲ್ಲಿ ನೌಕರರಾಗಿದ್ದರೆ, ತಮ್ಮ ಒಪ್ಪಿಗೆಯ ಮೇಲೆ ನಿರ್ಬಂಧ ಹಾಕಿ ಕಡತವನ್ನು ಅವರಿಂದ ಮರೆಯಲ್ಲಿಡುವಂತೆ ಕೋರುವ ಅವಕಾಶ ಕಾಯ್ದೆಯಲ್ಲಿದೆ.

ಮೂರು, ಅಕ್ರಮ ನಡೆದಾಗ ರೋಗಿಗೆ ಬೇಗನೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ. ಆ ಪತ್ರ ಬಂದರೆ ಜೋಪಾನವಾಗಿಡಬೇಕು, ದಾವೆಗೆ ಅದೇ ಆಧಾರ.

ನಾಲ್ಕು, ಆಯುಕ್ತರಿಗೆ ದೂರು ಕೊಡಲು ಶುಲ್ಕವಿಲ್ಲ. ದಾವೆಯ ವಿಷಯದಲ್ಲಿ ಕಾಲಮಿತಿಯಿರುವುದರಿಂದ ವಕೀಲರ ಸಲಹೆಗೆ ತಡಮಾಡಬಾರದು.

ಕೊನೆಯದಾಗಿ ನಮ್ಮ ಆರಂಭದ ಪ್ರಶ್ನೆಗೆ ಬರೋಣ. 174 ಬಾರಿಯ ನೋಟ ಅಪರಾಧವಾದರೆ ಒಂದೇ ಬಾರಿಯ ನೋಟ ಏನು? ಆಂಟೇರಿಯೋದ ಈಚಿನ ತೀರ್ಪುಗಳನ್ನು ಓದಿದರೆ, ನಾವು ಅಂದು ಮಾಡಿದ್ದಕ್ಕೆ ಬಹುಶಃ ಪರಿಹಾರ ಕೊಡಬೇಕಾಗಿ ಬರುತ್ತಿರಲಿಲ್ಲ. ಆದರೆ ನಾವು ಸಹಿ ಹಾಕಿದ ಘೋಷಣಾ ಪತ್ರದಲ್ಲಿ ಎಷ್ಟು ಬಾರಿ, ಎಷ್ಟು ಕ್ಷಣ ಎಂಬ ಅಳತೆಯಿರಲಿಲ್ಲ. ನ್ಯಾಯಾಲಯಕ್ಕೆ ಅಳತೆ ಬೇಕು. ಕೀಲಿ ಕೈಯಲ್ಲಿರುವ ನೌಕರನಿಗೆ ಅದು ಬೇಡ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಆಸ್ಪತ್ರೆಗಳಲ್ಲಿ, ವಿಮಾ ಕಂಪನಿಗಳಲ್ಲಿ, ಅವುಗಳ ಗಣಕ ವ್ಯವಸ್ಥೆಯನ್ನು ನಿರ್ವಹಿಸುವ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಯಾವುದೋ ಸಂಬಂಧದ ಮಾತುಕತೆ ಬಂದಾಗ "ಸ್ವಲ್ಪ ನೋಡಿ ಹೇಳಪ್ಪಾ" ಎಂದು ಅವರನ್ನು ಕೇಳದಿರುವುದು ಹಿರಿಯರಾದ ನಮ್ಮ ಪಾಲಿನ ಕರ್ತವ್ಯ.